ಚಂದ್ರನ ಮೇಲೆ ಕರೆಂಟ್ ಹೋದಾಗ

ಮೊದಲು ಇಂದೂರ

ವಿದೇಶಕ್ಕೆ ಹೋಗಿ ಬಂದವರೆಲ್ಲ ವಿಮಾನದಿಂದ ಕಥೆ ಶುರು ಮಾಡುತ್ತಾರೆ. ನನ್ನ ಕಥೆ ಶುರುವಾಗುವುದು ಒಂದು ಸುಟ್ಟ ಕ್ಲಚ್ ಪ್ಲೇಟಿನಿಂದ.

ದಾಂಡೇಲಿಯಲ್ಲಿ ನನ್ನದೊಂದು ಗ್ಯಾರೇಜ್ ಇದೆ. ಹಗಲೆಲ್ಲ ದಸ್ತಗೀರ ಮಿಸ್ತ್ರಿ. ನಾಟಕ ಇದ್ದ ದಿನ ಕೈಗಂಟಿದ ಗ್ರೀಸ್ ತೊಳೆದುಕೊಂಡು ತಬಲಾ ದಸ್ತಗೀರ. ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಹುಡುಗರು ನಾಟಕ ಹಾಕುತ್ತಾರೆ. ಅವರಿಗೆ ಮಾತು ಬಾಯಿಪಾಠ ಬಾರದಿದ್ದರೂ ನಡೆಯುತ್ತದೆ, ಪೇಟಿ ತಬಲಾ ಇಲ್ಲದಿದ್ದರೆ ನಡೆಯುವುದಿಲ್ಲ. ಪೇಟಿ ಎಂದರೆ ಹಾರ್ಮೋನಿಯಂ. ಅದನ್ನು ನುಡಿಸುವವರು ನಮ್ಮ ಗುರುಸಿದ್ದಪ್ಪ ಮಾಸ್ತರರು. ಧಾರವಾಡ ಕಡೆಯವರು, ಪೇಪರ್ ಮಿಲ್ಲಿನಲ್ಲಿ ದುಡಿದು ನಿವೃತ್ತರಾದವರು. ನನಗಿಂತ ಬಹಳ ಹಿರಿಯರು, ನನಗಿಂತ ಬಹಳ ಶಾಂತ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅವರ ಸಿಟ್ಟು ಎಲ್ಲಿರುತ್ತದೆಂದು ಈವರೆಗೆ ಪತ್ತೆಯಾಗಿಲ್ಲ.

ಕುಳಗಿ ಕ್ಯಾಂಪಿನಲ್ಲಿ ಹಕ್ಕಿ ನೋಡಲು ಬಂದಿದ್ದ ಒಬ್ಬ ಡೆನ್ಮಾರ್ಕಿನ ಹೆಂಗಸಿನ ಬಾಡಿಗೆ ಜೀಪು ನನ್ನ ಗ್ಯಾರೇಜಿಗೆ ಬಂತು. ಹೆಸರು ಹಾನಾ. ನಮ್ಮ ಬಾಯಲ್ಲಿ ಹಾನಾಬಾಯಿ ಆದರು. ಕ್ಲಚ್ ಪ್ಲೇಟು ಹುಬ್ಬಳ್ಳಿಯಿಂದ ಬರಬೇಕಿತ್ತು. ಅಂದು ಸಂಜೆ ನನಗೆ ಮುಂಡಗೋಡ ಹತ್ತಿರದ ಇಂದೂರಲ್ಲಿ ನಾಟಕ. ಪರದೇಶದ ಹೆಂಗಸನ್ನು ಟಯರುಗಳ ನಡುವೆ ಕೂರಿಸಿ ಹೋಗುವುದು ಸರಿಯಲ್ಲ ಎನಿಸಿ, ಬನ್ನಿ, ನಾಟಕ ನೋಡಿ ಎಂದೆ. ಬಂದರು.

ಇಂದೂರಿನ ನಾಟಕದಲ್ಲಿ ಗಂಡ ಹೆಂಡತಿಯನ್ನು ಬಿಟ್ಟು ಹೊರಡುವ ಹೊತ್ತಿಗೆ ಸರಿಯಾಗಿ ಗಾಳಿ ಎದ್ದು, ಎಲ್ಲೋ ಕೊಂಬೆ ತಂತಿಗೆ ತಾಗಿ ಕರೆಂಟ್ ಹೋಯಿತು. ಪಕ್ಕದ ಅಂಬಿಕಾನಗರದ ಪವರ್ ಹೌಸಿನಲ್ಲಿ ಕರೆಂಟ್ ಹುಟ್ಟುವುದನ್ನು ಕಣ್ಣಾರೆ ಕಂಡ ಜನ ನಾವು, ಆದರೆ ಅದು ನಾಟಕದ ನಡುವೆ ಹೋದಾಗ ನಮಗೆ ಆಶ್ಚರ್ಯವೇನೂ ಆಗುವುದಿಲ್ಲ. ಅದಕ್ಕೆಂದೇ ನಮ್ಮಲ್ಲೊಂದು ರೂಢಿ ಇದೆ. ಬೆಳಕು ಹೋದರೂ ಪೇಟಿ ನಿಲ್ಲಬಾರದು. ಕತ್ತಲಲ್ಲಿ ಪೇಟಿ ನಿಂತರೆ ಜನ ಏಳುತ್ತಾರೆ, ಎದ್ದ ಜನ ಮತ್ತೆ ಕೂರುವುದಿಲ್ಲ, ಹೆಂಡತಿ ಪಾತ್ರದವಳು ಅಳುತ್ತಾ ಅಲ್ಲೇ ಉಳಿಯುತ್ತಾಳೆ. ಮಾಸ್ತರರು ಕತ್ತಲಲ್ಲೇ ನುಡಿಸುತ್ತ ಹೋದರು, ನಾನು ಠೇಕಾ ಹಿಡಿದೆ. ಒಬ್ಬರೂ ಏಳಲಿಲ್ಲ. ಕರೆಂಟ್ ಬಂತು, ಗಂಡ ಹೊರಟ, ಕೊನೆಗೆ ತಿರುಗಿ ಬಂದ, ಎಲ್ಲರೂ ಸೇರಿ ಮಂಗಳ ಹಾಡಿ ನಾಟಕ ಮುಗಿಸಿದರು. ಮಂಗಳ ಹಾಡದೆ ನಾಟಕ ಮುಗಿಸುವುದು ನಮ್ಮಲ್ಲಿಲ್ಲ.

ಹಾನಾಬಾಯಿ ಕತ್ತಲಲ್ಲಿ ಕೇಳಿದ್ದನ್ನು ಮರೆಯಲಿಲ್ಲ. ಅವರ ಊರಿನಲ್ಲಿ ಅವರದೊಂದು ಹಳೆಯ ಟಾಕೀಸು ಇದೆಯಂತೆ. ನೂರು ವರ್ಷಕ್ಕೂ ಹಿಂದೆ ಆ ಊರಿನವರೇ ಸೇರಿ ತೆಗೆದ ಒಂದು ಮೂಕಿ ಚಿತ್ರ ಇದೆಯಂತೆ. ಚಂದ್ರಲೋಕಕ್ಕೆ ಹೋಗುವ ಕಥೆ. ವರ್ಷಕ್ಕೊಮ್ಮೆ ಅದನ್ನು ಹಾಕುತ್ತಾರೆ, ಪ್ರತಿಸಲವೂ ಬೇರೆ ಬೇರೆ ವಾದ್ಯದವರನ್ನು ಕರೆಸುತ್ತಾರೆ. ಈ ಸಲ ನೀವಿಬ್ಬರು ಬನ್ನಿ ಎಂದು ಹಾನಾಬಾಯಿ ಕರೆದಾಗ ನಾನು ತಮಾಷೆ ಎಂದುಕೊಂಡೆ. ಮಾಸ್ತರರು ಮಾತ್ರ ಗಂಭೀರವಾಗಿ ಒಂದೇ ಪ್ರಶ್ನೆ ಕೇಳಿದರು.

"ಚಂದ್ರನ ಮ್ಯಾಲೆ ಹೋದವರು ಹೊಳ್ಳಿ ಬರ್ತಾರೇನ್ರಿ?"

ಪ್ರವಾಸಿಗರ ಜೀಪು ರಿಪೇರಿ ಮಾಡುತ್ತ ಕಲಿತ ಇಂಗ್ಲಿಷಿನಲ್ಲಿ ನಾನು ಅದನ್ನು ಕೇಳಿದೆ. ಹಾನಾಬಾಯಿ, "ಅದು ಗೊತ್ತಿಲ್ಲ. ಕೊನೆಯ ರೀಲು ಕಳೆದುಹೋಗಿದೆ" ಎಂದರು.

ರೈಲು

ವಿಮಾನದ ಬಗ್ಗೆ ಹೇಳುವುದು ಒಂದೇ. ತಬಲಾವನ್ನು ನನ್ನ ತೊಡೆಯ ಮೇಲೆ ಇಟ್ಟುಕೊಳ್ಳಲು ಬಿಟ್ಟರು, ಪೇಟಿಯನ್ನು ಸಾಮಾನಿನ ಜೊತೆ ಹಾಕಿಸಿದರು. ಮಾಸ್ತರರಿಗೆ ದಾರಿಯುದ್ದಕ್ಕೂ ನಿದ್ದೆ ಇಲ್ಲ.

ಇಳಿದ ಮೇಲೆ ಹಾನಾಬಾಯಿಯ ಊರಿಗೆ ರೈಲು. ಡಬ್ಬಿಯಲ್ಲಿ ಜನ ಇದ್ದರು, ಸಪ್ಪಳ ಇರಲಿಲ್ಲ. ನಮ್ಮ ಕಡೆ ಅಳ್ನಾವರದಲ್ಲಿ ರೈಲು ಹತ್ತಿದವರು ಲೋಂಡಾ ಮುಟ್ಟುವುದರೊಳಗೆ ಎದುರಿಗೆ ಕೂತವರ ಸೊಸೆಯ ಸ್ವಭಾವದವರೆಗೆ ತಿಳಿದುಕೊಂಡಿರುತ್ತಾರೆ. ಇಲ್ಲಿ ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಮಾಸ್ತರರು ಕಿಟಕಿಯಾಚೆಯ ಹಳದಿ ಹೊಲ ನೋಡುತ್ತ ಸಣ್ಣಗೆ ಏನನ್ನೋ ಗುನುಗತೊಡಗಿದರು. ಮುಂದಿನ ಸೀಟಿನ ಹೆಂಗಸು ತಿರುಗಿ, ಬಹಳ ಪ್ರೀತಿಯಿಂದ ನಕ್ಕು, ಗೋಡೆಯ ಮೇಲಿನ ಒಂದು ಚಿತ್ರ ತೋರಿಸಿದಳು. ತುಟಿಯ ಮೇಲೆ ಬೆರಳಿಟ್ಟ ಮುಖ. ಇದು ಮಾತಾಡಬಾರದ ಡಬ್ಬಿಯಂತೆ, ಟಿಕೆಟ್ ತೆಗೆಸುವಾಗಲೇ ಬೇಕೆಂದು ಆರಿಸಿಕೊಳ್ಳುತ್ತಾರಂತೆ.

"ಮೂಕಿ ಪಿಕ್ಚರ್ ಇಲ್ಲಿಂದನ ಚಾಲೂ ಆತು ನೋಡ್ರಿ" ಎಂದು ನಾನು ಅವರ ಕಿವಿಯಲ್ಲಿ ಹೇಳಿದೆ.

ಊರು ಸಣ್ಣದು, ಸಮುದ್ರದ ದಂಡೆ. ಬೇಸಿಗೆಯಾದ್ದರಿಂದ ಸಂಜೆ ಎಂಬುದು ಬಂದರೂ ಹೋಗುವುದೇ ಇಲ್ಲ. ಚಹಾದಂಗಡಿಯ ಹೊರಗೆ ತಳ್ಳುಗಾಡಿಯಲ್ಲಿ ಕೂಸುಗಳು ಮಲಗಿದ್ದವು, ತಾಯಂದಿರು ಒಳಗೆ ಕಾಫಿ ಕುಡಿಯುತ್ತಿದ್ದರು. ಮಾಸ್ತರರು ಮೊದಲ ಕೂಸಿನ ಹತ್ತಿರ ಕಾವಲು ನಿಂತುಬಿಟ್ಟರು. ಅದರ ತಾಯಿ ಹೊರಗೆ ಬಂದು, ಮುಖ ತುಂಬ ನಕ್ಕು, ಇಲ್ಲಿ ಎಲ್ಲರೂ ಹೀಗೇ ಮಲಗಿಸುವುದು, ಗಾಳಿ ಒಳ್ಳೆಯದು ಎಂದಳು. ಮಾಸ್ತರರು ಸರಿ ಎಂದು ತಲೆಯಾಡಿಸಿದರು, ಆದರೆ ಅವಳು ಒಳಗೆ ಹೋಗಿ ಕಾಫಿ ಮುಗಿಸಿ ತಿರುಗಿ ಬರುವವರೆಗೆ ಆ ಜಾಗ ಬಿಡಲಿಲ್ಲ.

ಒಳ್ಳೆಯ ಜನ. ಆದರೆ ಒಂದು ಕೊರತೆ ನಮ್ಮಿಬ್ಬರನ್ನೂ ಕಾಡಿತು. ಪ್ರಯಾಣ ಹೇಗಾಯಿತು, ಚಳಿ ಆಗುತ್ತಿದೆಯೇ ಎಂದು ಎಲ್ಲರೂ ಕೇಳುತ್ತಿದ್ದರು. ಮೇಜಿನ ಮೇಲೆ ಕಪ್ಪು ಬ್ರೆಡ್ಡು, ಬೆಣ್ಣೆ, ನನಗೆ ಮೀನು, ಲಿಂಗಾಯತರಾದ ಮಾಸ್ತರರಿಗೆ ಬೇಯಿಸಿದ ಆಲೂಗಡ್ಡೆ, ಎಲ್ಲ ಇಟ್ಟಿರುತ್ತಿದ್ದರು. ಇಟ್ಟಮೇಲೆ ತಿಂದರೂ ಸರಿ, ಬಿಟ್ಟರೂ ಸರಿ.

"ಬಂದಾಗಿಂದ ನೋಡಾಕತ್ತೇನಿ" ಎಂದರು ಮಾಸ್ತರರು. "ಒಬ್ಬರರ ಉಂಡ್ರೇನು ಅಂತ ಕೇಳಲಿಲ್ಲಲ್ಲೋ ದಸ್ತಗೀರ."

"ಕೇಳೂದು ಅವರ ಪದ್ಧತಿ ಇರಲಿಕ್ಕಿಲ್ಲ ಬಿಡ್ರಿ."

"ಕೇಳದಿದ್ರ ಹೆಂಗ ಹೊಟ್ಟಿ ತುಂಬತೈತಿ?"

ಸೈಕಲ್ ಅಂಗಡಿ

ಪೇಟಿಯ ಡಬ್ಬಿ ತೆಗೆದು ನೋಡಿದೆವು. ಗಾಳಿ ಹಾಕುವ ತಿದಿಯ ಮಡಿಕೆ ಒಂದು ಕಡೆ ಉದ್ದಕ್ಕೆ ಸೀಳಿತ್ತು. ಒತ್ತಿದರೆ ಸ್ವರದ ಬದಲು ಮುದುಕರ ದಮ್ಮಿನ ಸಪ್ಪಳ. ಸಾಮಾನು ಎಸೆದವರನ್ನು ನಾನು ನಮ್ಮ ಗ್ಯಾರೇಜಿನ ಭಾಷೆಯಲ್ಲಿ ಬಯ್ದೆ. ಯಾರಿಗೂ ಅರ್ಥವಾಗದ ಊರಿನಲ್ಲಿ ಬಯ್ಯುವುದರಲ್ಲಿ ಸುಖವಿಲ್ಲ. ಮಾಸ್ತರರು ಪೇಟಿಯ ಮೇಲೆ ಕೈಯಿಟ್ಟು ಕೂತಿದ್ದರು, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ.

ಆ ಊರಿನಲ್ಲಿ ಹಾರ್ಮೋನಿಯಂ ರಿಪೇರಿಯವರು ಎಲ್ಲಿಂದ ಬರಬೇಕು? ಆದರೆ ಎಲ್ಲಿ ನೋಡಿದರೂ ಸೈಕಲ್ಲು. ಸೈಕಲ್ಲು ಇದ್ದಲ್ಲಿ ಪಂಕ್ಚರ್ ಇರಬೇಕು, ಪಂಕ್ಚರ್ ಇದ್ದಲ್ಲಿ ರಬ್ಬರ್ ಪಟ್ಟಿ, ಸೊಲ್ಯೂಷನ್ ಇರಬೇಕು. ಹಾನಾಬಾಯಿ ಒಂದು ಅಂಗಡಿಗೆ ಕರೆದೊಯ್ದರು. ಅಂಗಡಿಯವ ನನ್ನ ಕೈ ನೋಡಿದ. ಉಗುರಿನ ಸಂದಿಯ ಕಪ್ಪು ಯಾವ ದೇಶದಲ್ಲೂ ಒಂದೇ. ಮಾತಿಲ್ಲದೆ ತನ್ನ ಸಾಮಾನಿನ ಪೆಟ್ಟಿಗೆ ನನ್ನ ಕಡೆ ಸರಿಸಿ, ಊಟದ ಹೊತ್ತಾಯಿತೆಂದು ಅಂಗಡಿ ನನಗೇ ಬಿಟ್ಟು ಹೋದ. ನಾನು ನನ್ನ ಗ್ಯಾರೇಜನ್ನು ನನ್ನ ಭಾವನಿಗೂ ಹಾಗೆ ಬಿಟ್ಟು ಹೋಗಲಾರೆ. ಅವನು ಇಲ್ಲದಾಗ ಒಬ್ಬಳು ಮುದುಕಿ ಚೈನು ಕಳಚಿದ ಸೈಕಲ್ ತಂದಳು. ಅದನ್ನೂ ಸರಿಮಾಡಿ ಕಳಿಸಿದೆ.

ಪಟ್ಟಿ ಕೂತಿತು. ಸ್ವರ ಬಂತು. ಆದರೆ ಪ್ರತಿ ಸ್ವರಕ್ಕೂ ಮೊದಲು ತಿದಿಯಿಂದ ಸಣ್ಣ ಉಸಿರಿನ ಸಪ್ಪಳ ಕೇಳುತ್ತಿತ್ತು, ಹತ್ತಿರ ಇದ್ದವರಿಗೆ ಮಾತ್ರ.

"ಇಷ್ಟ ಆಗೂದು ಮಾಸ್ತರ. ಕ್ಷಮಿಸ್ರಿ."

"ಉಸಿರಾಡ್ಲಿ ಬಿಡು" ಎಂದರು ಅವರು. "ನಾವೂ ಆಡತೇವಿ."

ಸುಣ್ಣದ ಗುಡ್ಡ

ಹಾನಾಬಾಯಿ ಮನೆಯ ಟೀವಿಯಲ್ಲಿ ನಮಗೆ ಚಿತ್ರ ತೋರಿಸಿದರು. ಪಾಠ ಹಾಕಿಕೊಳ್ಳಬೇಕಿತ್ತಲ್ಲ, ಎಲ್ಲಿ ಜೋರು, ಎಲ್ಲಿ ನಿಧಾನ ಎಂದು.

ಕಥೆ ಸರಳ. ಒಬ್ಬ ಗಡ್ಡದ ಪಂಡಿತ, ಒಬ್ಬ ಮೀನುಗಾರ. ಇಬ್ಬರೂ ಮೀನಿನ ದೋಣಿಗೆ ಹೆಬ್ಬಾತಿನ ಗರಿಯ ರೆಕ್ಕೆ ಕಟ್ಟಿ ಚಂದ್ರನಿಗೆ ಹೊರಡುತ್ತಾರೆ. ಹೊರಟ ಮೇಲೆ ಬಲೆಯ ಅಡಿಯಿಂದ ಒಬ್ಬ ಪುಟ್ಟ ಹುಡುಗಿ ತಲೆ ಎತ್ತುತ್ತಾಳೆ, ಮೀನುಗಾರನ ಮಗಳು, ಹೇಳದೆ ಕೇಳದೆ ಹತ್ತಿ ಕೂತವಳು. ನಕ್ಷತ್ರಗಳೆಲ್ಲ ಕಾಗದದವು, ಒಂದೆರಡು ವಾಲಿವೆ. ಚಂದ್ರಲೋಕದ ಜನ ಮಂಚದ ಮೇಲಿನ ಬಿಳಿ ಹೊದಿಕೆ ಹೊದ್ದಿದ್ದಾರೆ, ಅವರ ರಾಜ ಬೋರಲು ಹಾಕಿದ ಸ್ನಾನದ ತೊಟ್ಟಿಯ ಮೇಲೆ ಕೂತಿದ್ದಾನೆ. ಎಲ್ಲರೂ ಎರಡು ಪಟ್ಟು ಜೋರಾಗಿ ನಡೆಯುತ್ತಾರೆ. ನಾನು ಹೊಟ್ಟೆ ಹಿಡಿದು ನಗುತ್ತಿದ್ದೆ. ಮಾಸ್ತರರು ನಗಲಿಲ್ಲ. ಅವರು ದೋಣಿಯನ್ನೇ ನೋಡುತ್ತಿದ್ದರು.

ಕೊನೆಗೆ ಹುಡುಗಿ ಒಬ್ಬಳೇ ಬಿಳಿ ಗುಡ್ಡ ಹತ್ತುತ್ತಾಳೆ. ಆಕಾಶದಲ್ಲಿ ಭೂಮಿ ತೂಗಾಡುತ್ತಿದೆ, ಶಾಲೆಯ ಗ್ಲೋಬು, ದಾರ ಕೂಡ ಕಾಣುತ್ತದೆ. ಅದನ್ನು ನೋಡುತ್ತ ನಿಂತವಳು ನಮ್ಮ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆಯುತ್ತಾಳೆ. ಮೂಕಿ ಚಿತ್ರದಲ್ಲಿ ಬಾಯಾಡಿಸಿದ ಮೇಲೆ ಮಾತನ್ನು ಬರೆದ ಫಲಕ ಬರಬೇಕು. ಫಲಕ ಬರುವ ಮೊದಲೇ ಚಿತ್ರ ನಿಲ್ಲುತ್ತದೆ. ಅಲ್ಲಿಂದ ಮುಂದಿನ ರೀಲು ಯಾರ ಅಟ್ಟದಲ್ಲಿ ಕೊಳೆಯಿತೋ, ಎಲ್ಲಿ ಸುಟ್ಟಿತೋ, ಯಾರಿಗೂ ತಿಳಿಯದು.

ಮರುದಿನ ಹಾನಾಬಾಯಿ ನಮ್ಮನ್ನು ಆ ಚಂದ್ರನಿಗೇ ಕರೆದೊಯ್ದರು. ಊರಾಚೆ ಒಂದು ಸುಣ್ಣದ ಕಲ್ಲಿನ ಗಣಿ. ನೆಲ, ಗೋಡೆ, ದಾರಿ ಎಲ್ಲ ಬಿಳಿ, ಬಿಸಿಲಿಗೆ ಕಣ್ಣು ಬಿಡಲಾಗದಷ್ಟು ಬಿಳಿ. ಮಾಸ್ತರರು ಬಗ್ಗಿ ಒಂದು ಚಿಟಿಕೆ ಪುಡಿ ಬೆರಳಲ್ಲಿ ತಿಕ್ಕಿದರು.

"ಮಿಲ್ಲಿನ್ಯಾಗ ಹಾಳಿ ಬೆಳ್ಳಗ ಆಗ್ಲಿ ಅಂತ ಇಂಥಾ ಪುಡಿ ಹಾಕತಿದ್ವಿ. ಮನಿಗೆ ಹೋದಾಗ ನನ್ನ ಹೇಣ್ತಿ ಚಂದ್ರಲೋಕದಿಂದ ಬಂದ್ರೇನು ಅಂತಿದ್ಲು" ಎಂದರು. ಅವರ ಹೆಂಡತಿ ತೀರಿಕೊಂಡು ಬಹಳ ಕಾಲವಾಯಿತು. ಮಾಸ್ತರರು ಅವರ ಮಾತೆತ್ತುವುದು ಅಪರೂಪ.

ಹುಡುಗಿ ನಿಂತಿದ್ದ ಗುಡ್ಡದ ಕೆಳಗೆ ಕೂತು ಹಾನಾಬಾಯಿ ಹೇಳಿದರು, ಹುಡುಗಿ ಕೊನೆಗೆ ಏನು ಹೇಳಿದಳು ಎಂದು ಊರಿನವರು ತಲೆಮಾರುಗಳಿಂದ ವಾದ ಮಾಡುತ್ತಿದ್ದಾರೆ ಎಂದು. ಭೂಮಿ ಎಷ್ಟು ಚಂದ ಎಂದಳೆನ್ನುತ್ತಾರೆ ಕೆಲವರು. ನನಗೆ ಇಲ್ಲೇ ಇರಬೇಕು ಎಂದಳೆನ್ನುತ್ತಾರೆ ಕೆಲವರು. ಆಡಿದ ಹುಡುಗಿಗೇ ದೊಡ್ಡವಳಾದ ಮೇಲೆ ಅದು ನೆನಪಿರಲಿಲ್ಲವಂತೆ. ಶಾಲೆಯ ಮಕ್ಕಳಿಂದ ಪ್ರಬಂಧ ಬರೆಸುತ್ತಾರಂತೆ.

"ಅದರಾಗ ವಾದ ಮಾಡೂದು ಏನೈತ್ರಿ?" ಎಂದರು ಮಾಸ್ತರರು. "ಸಣ್ಣ ಹುಡಿಗಿ. ಮುಂಜಾನಿಂದ ಬಲಿ ಬುಡಕ ಮಲಗ್ಯಾಳ, ಅಷ್ಟು ದೂರ ಹೋಗ್ಯಾಳ, ಗುಡ್ಡಾ ಏರ್ಯಾಳ. ಹಸಿವ್ಯಾಗೇತಿ ಅಂದಿರ್ತಾಳ."

ನಾನು ಇಂಗ್ಲಿಷಿಗೆ ಹಾಕಿ ಹೇಳಿದೆ. ಹಾನಾಬಾಯಿ ಮೊದಲು ನಕ್ಕರು, ಆಮೇಲೆ ತಲೆ ಎತ್ತಿ ಗುಡ್ಡದ ತುದಿಯನ್ನು ನೋಡಿದರು.

ಬೋದಿಲ್ ಅಜ್ಜಿಯ ಮನೆ

ಆ ಹುಡುಗಿಯ ಮಗಳು ಇನ್ನೂ ಇದ್ದಾರೆ. ಬೋದಿಲ್ ಎಂದು ಹೆಸರು, ಎಂಬತ್ತು ದಾಟಿದವರು, ಒಬ್ಬರೇ ಇರುತ್ತಾರೆ, ತಾವೇ ಸೈಕಲ್ ತುಳಿಯುತ್ತಾರೆ. ಹಾನಾಬಾಯಿ ನಮ್ಮನ್ನು ಅವರ ಮನೆಗೆ ಕರೆದೊಯ್ದರು. ನೋಡಿದರೆ, ನಾನು ಚೈನು ಹಾಕಿಕೊಟ್ಟ ಮುದುಕಿ! ನನ್ನನ್ನು ಕಂಡ ಕೂಡಲೇ ಗಂಟೆ ಬಾರಿಸುವವರ ಹಾಗೆ ಹೆಬ್ಬೆರಳು ಆಡಿಸಿ ತೋರಿಸಿದರು, ಸೈಕಲ್ ಚೆನ್ನಾಗಿ ಓಡುತ್ತಿದೆ ಎಂದು.

ಗೋಡೆಯ ಮೇಲೆ ಅವರ ತಾಯಿಯ ಫೋಟೊ ಇತ್ತು. ದೊಡ್ಡವರಾದ ಮೇಲೆ ತೆಗೆಸಿದ್ದು. ಮುಖ ಅದೇ. ಮಾಸ್ತರರು ಎದ್ದು ಹೋಗಿ ಅದಕ್ಕೆ ಕೈಮುಗಿದು ಬಂದರು.

ಅಜ್ಜಿ ಹೇಳಿದ್ದನ್ನು ಹಾನಾಬಾಯಿ ಇಂಗ್ಲಿಷಿನಲ್ಲಿ ಹೇಳಿದರು, ನಾನು ಮಾಸ್ತರರಿಗೆ ಕನ್ನಡದಲ್ಲಿ ಹೇಳಿದೆ. ಅಜ್ಜಿಗೆ ಚಿತ್ರ ಇಷ್ಟವೇ. ಪ್ರತಿವರ್ಷ ಟಾಕೀಸಿಗೆ ಬರುತ್ತಾರೆ. ಆದರೆ ಬಾಗಿಲ ಪಕ್ಕದ ಕುರ್ಚಿ ಹಿಡಿಯುತ್ತಾರೆ, ತಾಯಿ ಗುಡ್ಡ ಹತ್ತಲು ಶುರುಮಾಡಿದ ಕೂಡಲೇ ಎದ್ದು ಹೊರಗೆ ಹೋಗುತ್ತಾರೆ. ಕೊನೆಯನ್ನು ಅವರು ಸಣ್ಣವರಿದ್ದಾಗ ಒಮ್ಮೆ ನೋಡಿದ್ದು ಬಿಟ್ಟರೆ ಮತ್ತೆ ನೋಡಿಲ್ಲ. ಅಂದು ತಾಯಿ ಪಕ್ಕದಲ್ಲೇ ಕೂತಿದ್ದರೂ, ಪರದೆ ಆರಿಹೋದಾಗ ಇವರು ಕಿರುಚಿಕೊಂಡಿದ್ದರಂತೆ. ತಾಯಿ, ನಾನು ಇಲ್ಲೇ ಇದ್ದೇನಲ್ಲ ಎಂದು ಎದೆಗೆ ಒತ್ತಿಕೊಂಡು ಸಮಾಧಾನ ಮಾಡಿದ್ದರು.

"ಈಗ ಅವಳು ಪಕ್ಕದಲ್ಲಿ ಇಲ್ಲ" ಎಂದರು ಅಜ್ಜಿ. "ಮೇಲೆ ಮಾತ್ರ ಇದ್ದಾಳೆ. ಅವಳನ್ನು ಅಲ್ಲೇ ಬಿಟ್ಟು ದೀಪ ಹಾಕಿಬಿಡುತ್ತಾರೆ. ನನಗೆ ಅದನ್ನು ನೋಡಲಾಗುವುದಿಲ್ಲ."

ನಾನು ತಾಯಿಯನ್ನು ಕಳೆದುಕೊಂಡವನು, ಅದರ ವಿಷಯ ಯಾರು ಮಾತಾಡಿದರೂ ನನಗೆ ತಡೆಯುವುದಿಲ್ಲ. ಹಾನಾಬಾಯಿ ವಾತಾವರಣ ಹಗುರ ಮಾಡಲೆಂದು, ಮಾಸ್ತರರ ಪ್ರಕಾರ ಹುಡುಗಿ ಹಸಿವಾಗಿದೆ ಎಂದಳಂತೆ ಎಂದು ಹೇಳಿದರು. ಅಜ್ಜಿ ನಗಲಿಲ್ಲ. ಕೈಯಲ್ಲಿದ್ದ ಕಾಫಿ ಕಪ್ಪನ್ನು ಮೇಜಿನ ಮೇಲಿಟ್ಟು ಮಾಸ್ತರರ ಕಡೆ ತಿರುಗಿ ನೋಡಿದರು.

ಹೊರಗೆ ಬಂದ ಮೇಲೆ ಮಾಸ್ತರರು ಹಾನಾಬಾಯಿಯನ್ನು ನಿಲ್ಲಿಸಿದರು. "ಪರದೆ ಆರಿದ ಮ್ಯಾಲೆ ಒಂದೀಟು ನುಡಸ್ತೇನಿ. ಅವರನ್ನ ಕೆಳಗ ಇಳಿಸಿ, ಮಂಗಳಾ ಮಾಡಿ ಮುಗಸ್ತೇನಿ. ಆಕಿ ಅಲ್ಲೇ ಉಳಿಯೂದು ಛಲೋ ಅಲ್ರಿ."

ಹಾನಾಬಾಯಿ ಮೆಲ್ಲಗೆ, ಆದರೆ ಗಟ್ಟಿಯಾಗಿ, ಬೇಡ ಎಂದರು. ಅವರ ಊರಿನ ಪದ್ಧತಿ ಬೇರೆ. ಚಿತ್ರ ನಿಂತ ಕೂಡಲೇ ವಾದ್ಯವೂ ನಿಲ್ಲಬೇಕು. ಎಲ್ಲರೂ ಕತ್ತಲಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಾರೆ. ಕಳೆದುಹೋದ ರೀಲಿಗೆ ಅದು ಅವರು ಕೊಡುವ ಮರ್ಯಾದೆ. ಅದಕ್ಕೆ ಏನನ್ನಾದರೂ ತುಂಬಿಸಿದರೆ ಹಿರಿಯರಿಗೆ ನೋವಾಗುತ್ತದೆ. ಅವರ ಮಾತಿನಲ್ಲೂ ನ್ಯಾಯವಿತ್ತು. ಸತ್ತವರ ಮನೆಯಲ್ಲಿ ನಾವೂ ಸುಮ್ಮನೆ ಕೂರುವುದಿಲ್ಲವೇ?

"ಆಗ್ಲಿ ತಾಯಿ" ಎಂದರು ಮಾಸ್ತರರು. "ಮನಿ ನಿಮ್ದು. ನೀವು ಹೇಳಿದಂಗ."

ಒಪ್ಪಂದ ಹೀಗಾಯಿತು. ಹುಡುಗಿ ತಿರುಗಿದ ಕೂಡಲೇ ನಾನು ತಿಹಾಯಿ ಹಾಕಬೇಕು, ಅಂದರೆ ಒಂದೇ ಬೋಲನ್ನು ಮೂರು ಸಲ ಬಾರಿಸಿ ಮುಗಿಸಬೇಕು. ಮೂರನೆಯದಕ್ಕೆ ಇಬ್ಬರ ಕೈಯೂ ನಿಲ್ಲಬೇಕು. ಆ ದಿನ ಮಾಸ್ತರರು ಆಲೂಗಡ್ಡೆಯನ್ನೂ ಅರ್ಧ ಬಿಟ್ಟರು.

ಟಾಕೀಸು

ನಮ್ಮ ಊರಿನ ಟಾಕೀಸಿನಲ್ಲಿ ಹೀರೋ ಬಂದಾಗ ಚಿಲ್ಲರೆ ತೂರುವವರನ್ನು ಕಂಡು ಬೆಳೆದವನು ನಾನು. ಇಲ್ಲಿ ಜನ ಕೋಟು ಮಡಚಿ ತೊಡೆಯ ಮೇಲಿಟ್ಟುಕೊಂಡು, ಕೆಮ್ಮು ಇದ್ದವರು ಮೊದಲೇ ಕೆಮ್ಮಿ ಮುಗಿಸಿ ಕೂತರು. ಬಿಸಿಲು ಒಳಗೆ ಬಾರದಂತೆ ಕಿಟಕಿಗಳಿಗೆ ದಪ್ಪ ಬಟ್ಟೆ ಎಳೆದರು. ಚಿತ್ರದ ಪರದೆಯ ಕೆಳಗೆ, ಒಂದು ಪಕ್ಕಕ್ಕೆ, ನಮಗೆ ಜಮಖಾನ ಹಾಸಿದ್ದರು. ಬೋದಿಲ್ ಅಜ್ಜಿ ಬಾಗಿಲ ಪಕ್ಕದ ಕುರ್ಚಿಯಲ್ಲಿ ಇದ್ದರು, ಕೋಟು ಬಿಚ್ಚಿರಲಿಲ್ಲ.

ಚಿತ್ರ ಶುರುವಾಯಿತು. ದೋಣಿ ಹಾರಿದಾಗ ಮಾಸ್ತರರು ಎಂಥ ಏರಿಕೆ ಕೊಟ್ಟರೆಂದರೆ, ಹೆಬ್ಬಾತಿನ ಗರಿಯ ರೆಕ್ಕೆ ಎಂದು ತಿಳಿದೂ ನಾನು ತಲೆ ಎತ್ತಿ ಚಾವಣಿ ನೋಡಿದೆ. ಬಿಳಿ ಹೊದಿಕೆಯ ಜನ ಓಡಾಡುವಾಗ ನಾನು ನಮ್ಮ ನಾಟಕದ ಹಾಸ್ಯಪಾತ್ರಕ್ಕೆ ಬಾರಿಸುವ ಚಾಲು ತಂದೆ. ಮೊದಲ ಸಾಲಿನ ಒಬ್ಬ ಗಂಭೀರ ಮುದುಕರು ಫಕ್ಕನೆ ನಕ್ಕರು, ಅವರ ಹಿಂದೆ ಎಲ್ಲರೂ ನಕ್ಕರು. ಯಾರನ್ನಾದರೂ ನಗಿಸಿದೆವೆಂದರೆ ಆಮೇಲೆ ಅವರು ಪರದೇಶದವರು ಎನಿಸುವುದಿಲ್ಲ.

ಹುಡುಗಿ ಗುಡ್ಡ ಹತ್ತತೊಡಗಿದಳು. ನಾನು ಬಾಗಿಲ ಕಡೆ ನೋಡಿದೆ. ಅಜ್ಜಿ ಎದ್ದಿದ್ದರು. ಕೈ ಚಿಲಕದ ಮೇಲಿತ್ತು. ಆದರೆ ಹೊರಗೆ ಹೋಗಿರಲಿಲ್ಲ, ಬೆನ್ನು ಪರದೆಗೆ ಮಾಡಿ ನಿಂತಿದ್ದರು.

ಹುಡುಗಿ ತಿರುಗಿದಳು. ಬಾಯಿ ತೆರೆದಳು. ನಾನು ತಿಹಾಯಿ ಎತ್ತಿದೆ. ಒಂದು. ಎರಡು. ಅಷ್ಟರಲ್ಲಿ ಚಿತ್ರ ಆರಿತು, ಹಾಲ್ ತುಂಬ ಕಗ್ಗತ್ತಲು.

ಇಲ್ಲಿ ಏನಾಯಿತೆಂದು ನಾನು ಸರಿಯಾಗಿ ಹೇಳಬೇಕು, ಯಾಕೆಂದರೆ ಊರಲ್ಲಿ ನಮ್ಮವರು ಇದನ್ನು ಬೇರೆ ಬೇರೆ ಬಣ್ಣ ಹಚ್ಚಿ ಹೇಳುತ್ತಿದ್ದಾರೆ. ಮಾಸ್ತರರು ಕೊಟ್ಟ ಮಾತು ಮುರಿಯಬೇಕೆಂದು ಮುರಿಯಲಿಲ್ಲ. ಟೀವಿಯಲ್ಲಿ ನೋಡಿದಾಗ ಚಿತ್ರ ನಿಂತಿತ್ತು, ಕೋಣೆಯಲ್ಲಿ ಬೆಳಕಿತ್ತು. ಈಗ ನಾಟಕದ ನಡುವೆ, ಒಬ್ಬ ಹೆಣ್ಣುಮಗಳು ಏನೋ ಹೇಳಲು ಬಾಯಿ ತೆರೆದು ನಿಂತಿರುವಾಗ, ಬೆಳಕು ಹೋಯಿತು. ಜೀವಮಾನವಿಡೀ ಅವರ ಕೈಗೆ ಅದರ ಅರ್ಥ ಒಂದೇ. ಕರೆಂಟ್ ಹೋಗಿದೆ, ನಿಲ್ಲಿಸಬಾರದು, ಜನ ಎದ್ದಾರು.

ಕತ್ತಲಲ್ಲಿ ತಿದಿಯ ಉಸಿರು ಕೇಳಿಸಿತು. ನಾನು ಪಟ್ಟಿ ಹಚ್ಚಿದ ಜಾಗದಿಂದ ಬರುವ ಆ ಸಣ್ಣ ಉಸಿರು, ಅಷ್ಟು ದೊಡ್ಡ ಮೌನದಲ್ಲಿ ಎಲ್ಲರಿಗೂ ಕೇಳಿಸಿತು. ಅದರ ಹಿಂದೆಯೇ ಸ್ವರ ಬಂತು.

ನಿಲ್ಲಿಸಬೇಕಾದವನು ನಾನು. "ಮಾಸ್ತರ" ಎಂದು ಪಿಸುಗುಟ್ಟಿದೆ. "ಮಾಸ್ತರ, ಕರೆಂಟ್ ಹೋಗಿಲ್ರಿ. ಪಿಕ್ಚರ್ ಮುಗದೈತಿ."

ಅವರ ಕೈ ಒಂದು ಗಳಿಗೆ ತಡೆಯಿತು. ಅವರಿಗೆ ಆಗ ಎಚ್ಚರವಾಯಿತು ಎಂದು ನನಗೆ ಗೊತ್ತು. ಉಸಿರು ಮಾತ್ರ ಕೇಳುತ್ತಿತ್ತು. ಆಮೇಲೆ ಕತ್ತಲಲ್ಲೇ ಅವರು ಮೆಲ್ಲಗೆ ಹೇಳಿದರು.

"ಅವರಿನ್ನೂ ಮ್ಯಾಲೇ ಅದಾರೋ ದಸ್ತಗೀರ. ಹೆಂಗ ಬಿಟ್ಟ ಏಳೂದು?"

ನನ್ನ ಮೂರನೆಯ ಬೋಲು ಕೈಯಲ್ಲೇ ಉಳಿದಿತ್ತು. ಅದನ್ನು ಹಾಕಿದ್ದರೆ ಮುಗಿಯುತ್ತಿತ್ತು. ಹಾಕಲಿಲ್ಲ. ದಾದರಾ ಠೇಕಾ ಹಿಡಿದೆ, ಆರು ಮಾತ್ರೆಯದು, ನೀರ ಮೇಲೆ ದೋಣಿ ತೂಗುವ ಲಯ.

ಮಾಸ್ತರರು ದೋಣಿಯನ್ನು ಇಳಿಸತೊಡಗಿದರು. ಏರಿಸುವಾಗ ನುಡಿಸಿದ್ದನ್ನೇ ಈಗ ಹಿಂದುಮುಂದಾಗಿ, ನಿಧಾನವಾಗಿ ಹಿಡಿದರು. ಕಾಗದದ ನಕ್ಷತ್ರ ದಾಟಿತು, ಮೋಡ ದಾಟಿತು. ಆಮೇಲೆ ಅವರು ಭೈರವಿಗೆ ಬಂದರು. ಭೈರವಿ ಬಂತೆಂದರೆ ನಮ್ಮಲ್ಲಿ ಹೆಂಗಸರು ಮಲಗಿದ ಮಕ್ಕಳನ್ನು ಎಬ್ಬಿಸಿ ಹೆಗಲಿಗೆ ಹಾಕಿಕೊಳ್ಳುತ್ತಾರೆ, ಮನೆಗೆ ಹೋಗುವ ಹೊತ್ತಾಯಿತೆಂದು. ಕೊನೆಗೆ ಮಂಗಳದ ಚಾಲು. ಮಾತಿಲ್ಲದೆ, ಬಾಯಿ ಮುಚ್ಚಿಕೊಂಡೇ ಅವರು ಗುನುಗಿದರು. ಈ ಸಲ ಯಾರೂ ತುಟಿಗೆ ಬೆರಳಿಡಲಿಲ್ಲ. ನಾನು ಮೂರನೆಯ ಬೋಲನ್ನು ಈಗ ಹಾಕಿದೆ. ಮುಗಿಯಿತು.

ದೀಪ ಹತ್ತಿತು. ಚಪ್ಪಾಳೆ ಇಲ್ಲ. ಇಬ್ಬರು ಹಿರಿಯರು ನಮ್ಮ ಕಡೆ ನೋಡದೆ ಕೋಟು ಹಾಕಿಕೊಂಡು ಹೊರಟುಹೋದರು. ಅವರಿಗೆ ನೋವಾಗಿತ್ತು, ಆ ನೋವು ನಮ್ಮಿಂದಲೇ ಆದದ್ದು. ಹಾನಾಬಾಯಿ ಕೆಂಪು ಮುಖ ಮಾಡಿಕೊಂಡು ನಮ್ಮ ಹತ್ತಿರ ಬಂದರು. ಬಯ್ಯುತ್ತಾರೆ ಎಂದು ನಾನು ಸಿದ್ಧನಾದೆ, ತಿರುಗಿ ಬಯ್ಯಲು ಅಲ್ಲ, ಕೇಳಿಸಿಕೊಳ್ಳಲು. ಅವರು ಏನೂ ಹೇಳುವ ಮೊದಲೇ ಮಾಸ್ತರರು ಎದ್ದು ನಿಂತು ಕೈಮುಗಿದರು.

"ತಪ್ಪಾತ್ರಿ ತಾಯಿ. ಕರೆಂಟ್ ಹೋತು ಅಂತ ತಿಳಕೊಂಡ್ನಿ. ಆಮ್ಯಾಲೆ ತಿಳೀತು, ಆದ್ರೂ ಬಿಡಾಕ ಆಗಲಿಲ್ಲ."

"ಇಂದೂರಲ್ಲಿ ಇದನ್ನೇ ಕೇಳಿ ನಿಮ್ಮನ್ನು ಕರೆದೆ" ಎಂದರು ಹಾನಾಬಾಯಿ. "ಕರೆದು, ಇದನ್ನೇ ಮಾಡಬೇಡಿ ಎಂದೆ." ಅವರ ಕಣ್ಣು ತುಂಬಿತ್ತು.

ಆಗ ನಾವು ಮೂವರೂ ಬಾಗಿಲ ಕಡೆ ನೋಡಿದೆವು. ಬೋದಿಲ್ ಅಜ್ಜಿ ಕುರ್ಚಿಯಲ್ಲಿ ಕೂತಿದ್ದರು, ಪರದೆಗೆ ಮುಖ ಮಾಡಿ. ಯಾವಾಗ ತಿರುಗಿದರೋ, ಯಾವಾಗ ಕೂತರೋ, ಕತ್ತಲಲ್ಲಿ ಯಾರೂ ಕಂಡಿರಲಿಲ್ಲ. ಕೋಟಿನ ಗುಂಡಿಗಳು ಬಿಚ್ಚಿದ್ದವು.

ನಾವೇ ಅವರ ಹತ್ತಿರ ಹೋದೆವು. 'ಆಯಿ' ಎಂದರು ಮಾಸ್ತರರು. ನಮ್ಮ ಕಡೆ ಅಜ್ಜಿಯನ್ನು ಹಾಗೆಯೇ ಕರೆಯುವುದು. ಮುಂದೆ ಏನು ಹೇಳಬೇಕೋ ತಿಳಿಯದೆ ನಿಂತರು. ಅಜ್ಜಿಯೇ ಕೇಳಿದರು, ಹಾನಾಬಾಯಿ ನನಗೆ ಹೇಳಿದರು, ನಾನು ಮಾಸ್ತರರಿಗೆ ಹೇಳಿದೆ.

"ದೋಣಿ ಎಲ್ಲಿ ಇಳಿಯಿತು?"

ಮಾಸ್ತರರು ಸ್ವಲ್ಪವೂ ಯೋಚಿಸಲಿಲ್ಲ. "ಕಾಳೀ ಹೊಳಿಯಾಗ್ರಿ. ನಮ್ಮ ದಾಂಡೇಲಿ ದಂಡಿಗೆ."

"ಅಷ್ಟು ದೂರ ಯಾಕೆ?" ಎಂದರು ಹಾನಾಬಾಯಿ.

"ಮನಿಗೆ ಬರೂ ದಾರಿ ನನಗ ಅದೊಂದ ಗೊತ್ತೈತ್ರಿ" ಎಂದರು ಮಾಸ್ತರರು, ಸ್ವಲ್ಪ ನಾಚಿಕೊಂಡು.

ನಾನು ಹೇಳಿದ್ದು ಅಜ್ಜಿಗೆ ಮುಟ್ಟಿತು. ಅವರು ಬರಿದಾದ ಪರದೆಯನ್ನು ನೋಡಿದರು. ಆಮೇಲೆ ಮಾಸ್ತರರ ತೋಳು ಹಿಡಿದು, ಮುಂದೆ ಬಾಗಿ, ತಗ್ಗಿದ ದನಿಯಲ್ಲಿ ಒಂದು ಸಣ್ಣ ಪ್ರಶ್ನೆ ಕೇಳಿದರು. ಹಾನಾಬಾಯಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಲು ತಡವಾಯಿತು. ನನಗೆ ಕನ್ನಡದಲ್ಲಿ ಹೇಳಲು ಇನ್ನೂ ತಡವಾಯಿತು.

"ಆಕಿ ಉಂಡ್ಲೇನು ಅಂತ ಕೇಳಾಕತ್ಯಾರ್ರೀ ಮಾಸ್ತರ."

ಆ ದೇಶಕ್ಕೆ ಬಂದಾಗಿನಿಂದ ಒಬ್ಬರಾದರೂ ಕೇಳಲಿ ಎಂದು ಕಾದಿದ್ದ ಮಾತು ಅದು. ಮಾಸ್ತರರು ತೋಳು ಹಿಡಿದಿದ್ದ ಅಜ್ಜಿಯ ಕೈ ಮೇಲೆ ತಮ್ಮ ಕೈಯಿಟ್ಟರು.

"ಉಂಡಾಳ್ರೀ ಆಯಿ" ಎಂದರು. "ಪರಊರಿಂದ ಬಂದ ಕೂಸು, ನಮ್ಮ ಹೆಣ್ಮಕ್ಕಳು ಹಂಗ ಬಿಡ್ತಾರೇನು? ಬಿಸಿ ರೊಟ್ಟಿ, ಬದ್ನೀಕಾಯಿ ಪಲ್ಯಾ, ಮ್ಯಾಲೆ ಮಸರು. ಹೊಟ್ಟಿ ತುಂಬ ಉಂಡು, ಅಲ್ಲೇ ಮಲಗ್ಯಾಳ."

ನಾನು ಹಾನಾಬಾಯಿಗೆ ಹೇಳಿದೆ, ಹಾನಾಬಾಯಿ ಅಜ್ಜಿಗೆ ಹೇಳಿದರು. ಮಾತು ಮುಟ್ಟುವವರೆಗೂ ಅಜ್ಜಿ ಮಾಸ್ತರರ ಮುಖವನ್ನೇ ನೋಡುತ್ತಿದ್ದರು, ಮುಟ್ಟಿದ ಮೇಲೆ ಅವರ ತೋಳು ಬಿಟ್ಟರು.